ಹನ್ನೆರಡು ಹಾಡುಗಳಲ್ಲಿ ಒಂದೇ ಹಾಡನ್ನು ಹುಡುಕಿದವರು

2011ರ ಕೊನೆಯ ತಿಂಗಳುಗಳಲ್ಲಿ ಬಸವನಗುಡಿಯ ಒಂದು ಮಹಡಿ ಕೋಣೆಯಲ್ಲಿ ಕೂತು ನಾನು ಒಂದೇ ಹಾಡನ್ನು ದಿನಕ್ಕೆ ಐದಾರು ಸಲ ಕೇಳುತ್ತಿದ್ದೆ. ಡೇಟಾ ಕಾರ್ಡಿನ ಕಾಲ ಅದು. ಯೂಟ್ಯೂಬಿನಲ್ಲಿ ವಿಡಿಯೋ ತೆರೆದು, ತಕ್ಷಣ ನಿಲ್ಲಿಸಿ, ಬೂದು ಬಣ್ಣದ ಗೆರೆ ಕೊನೆಯವರೆಗೆ ಹರಿಯುವ ತನಕ ಒಳಗೆ ಹೋಗಿ ಒಂದು ಲೋಟ ಕಾಫಿ ಮಾಡಿಕೊಂಡು ಬರುವಷ್ಟು ವ್ಯವಧಾನ ಇರಬೇಕಿತ್ತು. ಆ ಹಾಡು ಲಾನಾ ಡೆಲ್ ರೇ ಎಂಬ, ಆಗಿನ್ನೂ ಹೆಚ್ಚು ಜನರಿಗೆ ಪರಿಚಯವಿರದ ಅಮೆರಿಕದ ಗಾಯಕಿಯ ‘ವಿಡಿಯೋ ಗೇಮ್ಸ್’. ಮೊದಲು ಗಂಟೆಯ ನಾದ, ಆಮೇಲೆ ಪಿಯಾನೋ, ಅದರ ಹಿಂದೆ ಹಾರ್ಪಿನ ತಂತಿಗಳು, ಇವೆಲ್ಲದರ ಕೆಳಗೆ ಮಂದ್ರದಲ್ಲಿ ಮಲಗಿದಂತಿರುವ ಒಂದು ಹೆಣ್ಣುದನಿ. ಊರಿನಿಂದ ಬಂದಿದ್ದ ಅಮ್ಮ ಒಂದು ಸಂಜೆ ಅದನ್ನು ಕೇಳಿಸಿಕೊಂಡು, “ಯಾಕೋ, ಇವಳಿಗೇನು ನಿದ್ದೆ ಬರ್ತಿದೆಯಾ, ಇಷ್ಟು ನಿಧಾನಕ್ಕೆ ಹಾಡ್ತಾಳೆ?” ಎಂದಳು. ನಾನು ನಕ್ಕುಬಿಟ್ಟೆ. ಮೂರು ತಿಂಗಳು ಕಳೆಯುವುದರೊಳಗೆ ಅಮೆರಿಕದ ಹಲವು ವಿಮರ್ಶಕರೂ ಹೆಚ್ಚುಕಡಿಮೆ ಅದೇ ಮಾತನ್ನು ಇನ್ನಷ್ಟು ಉದ್ದನೆಯ ವಾಕ್ಯಗಳಲ್ಲಿ ಬರೆದರು.

2012ರ ಜನವರಿ ಕೊನೆಯಲ್ಲಿ ಆಕೆಯ ‘ಬಾರ್ನ್ ಟು ಡೈ’ ಆಲ್ಬಂ ಹೊರಬಂದಾಗ ಉಂಟಾದ ನಿರಾಸೆಯ ಬಗ್ಗೆ ಬಹಳ ಬರೆಯಲಾಗಿದೆ. ಆ ನಿರಾಸೆಯಲ್ಲಿ ನಾನೂ ಪಾಲುದಾರನಾಗಿದ್ದೆ. ಈಗ ಹಿಂತಿರುಗಿ ನೋಡಿದರೆ, ಆಲ್ಬಂ ಕೇಳಿ ನಮಗೆ ಆದ ಬೇಸರ ನಿಜವಾದದ್ದೇ ಆಗಿತ್ತು, ಆದರೆ ಆ ಬೇಸರಕ್ಕೆ ನಾವು ಕೊಟ್ಟ ಕಾರಣಗಳು ಹೆಚ್ಚಿನಂಶ ಪೊಳ್ಳಾಗಿದ್ದವು ಎನ್ನಿಸುತ್ತದೆ. ಕಿವಿಗೆ ಆದ ಅಸಮಾಧಾನವನ್ನು ಹೇಳಲು ಮಾತು ಸಿಗದೆ ನಾವು ಹಾಡುಗಾರ್ತಿಯ ತುಟಿ, ಹೆಸರು ಮತ್ತು ಅಪ್ಪನ ಆಸ್ತಿಯ ಬಗ್ಗೆ ಮಾತಾಡಿದೆವು. ಆಲ್ಬಮ್ಮಿನ ಮೇಲೆ ಮಾಡಬೇಕಿದ್ದ ದೂರು ಮಾತ್ರ ಅರ್ಧಂಬರ್ಧವಾಗಿಯೇ ಉಳಿಯಿತು. ಅದನ್ನು ಪೂರ್ತಿ ಹೇಳಿಬಿಡಬೇಕೆಂಬುದು ಈ ಬರಹದ ಹಂಬಲ.

ಮೊದಲು ಆ ಹಾಡಿನ ಕಡೆಗೇ ಬರೋಣ. ‘ವಿಡಿಯೋ ಗೇಮ್ಸ್’ನಲ್ಲಿ ಒಬ್ಬ ಹೆಂಗಸು ತನ್ನ ಗೆಳೆಯನಿಗೆ ಇಷ್ಟವಾದ ಉಡುಪು ತೊಟ್ಟು, ಅವನಿಗೆ ಇಷ್ಟವಾದ ಸುಗಂಧ ಪೂಸಿಕೊಂಡು ಎದುರಿಗೆ ನಿಂತಿದ್ದಾಳೆ, ಅವನು ವಿಡಿಯೋ ಗೇಮ್ ಆಡುತ್ತಿದ್ದಾನೆ. ಇದೇ ತನ್ನ ಸ್ವರ್ಗ ಎಂದು ಅವಳ ಮಾತು ಹೇಳುತ್ತದೆ. ಅವಳ ಸ್ವರ ಆ ಮಾತನ್ನು ನಂಬುವುದಿಲ್ಲ. ಹಾಡಿನ ಜೀವ ಇರುವುದು ಮಾತಿಗೂ ಸ್ವರಕ್ಕೂ ನಡುವಿನ ಈ ಬಿರುಕಿನಲ್ಲಿ. ಹಾಡನ್ನು ಮುಂದಕ್ಕೆ ತಳ್ಳುವ ತಾಳವಾದ್ಯ ಇಲ್ಲಿ ಇಲ್ಲವೆಂದೇ ಹೇಳಬಹುದು. ಎಲ್ಲೋ ದೂರದಲ್ಲಿ, ಮೆರವಣಿಗೆ ಬೀದಿಯ ತಿರುವು ದಾಟಿ ಹೋದ ಮೇಲೆ ಉಳಿಯುವ ಸದ್ದಿನಂತೆ, ಡ್ರಮ್ಮಿನ ಒಂದಿಷ್ಟು ಉರುಳು ಕೇಳಿಸುತ್ತದೆ, ಅಷ್ಟೆ. ಸ್ವಲ್ಪ ಕಡಿಮೆ ನಾಲ್ಕೂಮುಕ್ಕಾಲು ನಿಮಿಷ ಯಾರೂ ನಮಗೆ ಇಲ್ಲಿ ಅಳಿ, ಇಲ್ಲಿ ನಗಿ ಎಂದು ಸನ್ನೆ ಮಾಡುವುದಿಲ್ಲ. ಅವಳು ಸುಖವಾಗಿದ್ದಾಳೋ ಮೋಸಹೋಗಿದ್ದಾಳೋ ಎಂಬ ತೀರ್ಮಾನವನ್ನು ಕೇಳುಗನ ಕೈಯಲ್ಲೇ ಬಿಟ್ಟು ಹಾಡು ಮುಗಿಯುತ್ತದೆ.

ವಿಡಿಯೋ ಕೂಡ ಹಾಗೆಯೇ ಇತ್ತು. ಅದನ್ನು ಆಕೆ ತಾನೇ ಕಂಪ್ಯೂಟರಿನಲ್ಲಿ ಜೋಡಿಸಿದ್ದಳು: ಅಲ್ಲಿ ಇಲ್ಲಿ ಹೆಕ್ಕಿದ ಹಳೆಯ ತುಣುಕುಗಳು, ಹಾಲಿವುಡ್ಡಿನ ಫಲಕ, ಸ್ಕೇಟ್‌ಬೋರ್ಡಿನ ಹುಡುಗರು, ಕುಡಿದು ತೂರಾಡುವ ಒಬ್ಬ ನಟಿ, ನಡುನಡುವೆ ವೆಬ್‌ಕ್ಯಾಮಿನ ಎದುರು ಕೂತು ಹಾಡುತ್ತಿರುವ ಆಕೆಯ ಮುಖ. ಈ ಕೈಕೆಲಸದ ಗುರುತು ನಮಗೆ ಬಹಳ ಹಿಡಿಸಿತು. ಯಾವ ಕಂಪನಿಯೂ ನಮ್ಮ ಕೈಗೆ ತುರುಕದೆ ನಾವಾಗಿಯೇ ಕಂಡುಕೊಂಡ ಹಾಡು ಇದು ಎಂಬ ಸಣ್ಣ ಅಹಂಕಾರವನ್ನು ಅದು ಕೊಟ್ಟಿತು. ಆಮೇಲೆ ನಡೆದದ್ದರಲ್ಲಿ ಅರ್ಧ ಈ ಅಹಂಕಾರಕ್ಕೆ ಬಿದ್ದ ಪೆಟ್ಟಿನ ಕಥೆ.

ಆ ವರ್ಷದ ಅಕ್ಟೋಬರಿನಿಂದ ಜನವರಿಯವರೆಗೆ ನನ್ನಂಥವರು ತಲೆಯೊಳಗೆ ಒಂದು ಆಲ್ಬಮ್ಮನ್ನೇ ತಯಾರಿಸಿ ಇಟ್ಟುಕೊಂಡಿದ್ದೆವು. ಅದರಲ್ಲಿ ಹನ್ನೆರಡು ‘ವಿಡಿಯೋ ಗೇಮ್ಸ್’ಗಳಿದ್ದವು. ಹನ್ನೆರಡೂ ನಿಧಾನ, ಹನ್ನೆರಡರಲ್ಲೂ ಪಿಯಾನೋ ಮತ್ತು ಮೌನ. ಇಂಥ ಆಲ್ಬಂ ಬರುತ್ತದೆಂದು ಆಕೆಯಾಗಲಿ ಕಂಪನಿಯಾಗಲಿ ಎಲ್ಲಿಯೂ ಮಾತು ಕೊಟ್ಟಿರಲಿಲ್ಲ. ಬದಲಿಗೆ ಎಚ್ಚರಿಕೆಯೇ ಸಿಕ್ಕಿತ್ತು. ‘ವಿಡಿಯೋ ಗೇಮ್ಸ್’ ಬಂದದ್ದು ಒಂಟಿಯಾಗಿ ಅಲ್ಲ. ಅದರ ಜೊತೆಗೆ ‘ಬ್ಲೂ ಜೀನ್ಸ್’ ಎಂಬ ಇನ್ನೊಂದು ಹಾಡು ಇತ್ತು, ಅದರಲ್ಲಿ ಹಿಪ್‌ಹಾಪಿನ ಬಡಿತ ಸ್ಪಷ್ಟವಾಗಿತ್ತು. ಆಕೆ ತನ್ನನ್ನು ‘ಗ್ಯಾಂಗ್‌ಸ್ಟರ್ ನ್ಯಾನ್ಸಿ ಸಿನಾತ್ರಾ’ ಎಂದು ಬಣ್ಣಿಸಿಕೊಂಡದ್ದೂ ಸುದ್ದಿಯಾಗಿತ್ತು. 1960ರ ದಶಕದ ಮಾದಕ ಪಾಪ್ ಗಾಯಕಿಯೊಬ್ಬಳನ್ನು ತಂದು ಈ ಕಾಲದ ರ‍್ಯಾಪ್ ಸಂಗೀತದ ತಾಳದ ಮೇಲೆ ಕೂರಿಸುತ್ತೇನೆ ಎಂಬ ಅರ್ಥ ಅದರಲ್ಲಿ ಇಡಿಯಾಗಿ ಇತ್ತು. ನಾವು ‘ನ್ಯಾನ್ಸಿ ಸಿನಾತ್ರಾ’ ಎಂಬಷ್ಟನ್ನೇ ಕಿವಿಗೆ ಹಾಕಿಕೊಂಡು ‘ಗ್ಯಾಂಗ್‌ಸ್ಟರ್’ ಅನ್ನು ಬಿಟ್ಟೆವು. ಮದುವೆಯ ಮಾತುಕತೆಯಲ್ಲಿ ಎರಡೂ ಕಡೆಯವರು ತಮಗೆ ಬೇಕಾದದ್ದನ್ನಷ್ಟೇ ಕೇಳಿಸಿಕೊಂಡು ಬರುತ್ತಾರಲ್ಲ, ಹಾಗೆ.

ಆಲ್ಬಂ ಕೈಗೆ ಬಂದದ್ದು ಫೆಬ್ರವರಿಯಲ್ಲಿ, ಅಮೆರಿಕದಿಂದ ಬಂದ ಸ್ನೇಹಿತನೊಬ್ಬನ ಸೂಟ್‌ಕೇಸಿನಲ್ಲಿ, ಸಿಡಿಯಾಗಿ. ಮುಖಪುಟದಲ್ಲಿ ಬಿಳಿ ರವಿಕೆಯ, ಗುಂಡಿಯನ್ನು ಕತ್ತಿನವರೆಗೂ ಹಾಕಿಕೊಂಡ ಹೆಣ್ಣು, ನೇರವಾಗಿ ನಮ್ಮನ್ನೇ ನೋಡುತ್ತಿದ್ದಾಳೆ, ನಗು ಇಲ್ಲ. ಹನ್ನೆರಡು ಹಾಡು, ನಲವತ್ತೊಂಬತ್ತು ನಿಮಿಷ. ಮೊದಲನೆಯದು ಆಲ್ಬಮ್ಮಿನ ಹೆಸರನ್ನೇ ಹೊತ್ತ ಹಾಡು. ತಂತಿವಾದ್ಯಗಳು ಏರಿ ಬಂದವು, ಚೆನ್ನಾಗಿಯೇ ಇತ್ತು. ಅವುಗಳ ಬೆನ್ನಿಗೇ ಡ್ರಮ್ ಯಂತ್ರದ ಬಡಿತ ಬಂತು, ಅದರ ನಡುವೆ ಯಾರೋ ಗಂಡಸು ದೂರದಿಂದ ಕೂಗಿದಂಥ ಒಂದು ತುಣುಕು ಮತ್ತೆ ಮತ್ತೆ ಕೇಳಿಸಿತು. ಆ ಕೂಗು ಮೂರನೆಯ ಸಲ ಬಂದಾಗ ನನ್ನ ಮುಖದಲ್ಲಿ ಏನೋ ಬದಲಾಗಿರಬೇಕು. “ಏನಾಯ್ತೋ?” ಎಂದು ಸ್ನೇಹಿತ ಕೇಳಿದ. ಏನಾಯಿತೆಂದು ಆಗ ಹೇಳಲು ಬರಲಿಲ್ಲ. “ತುಂಬಾ ಜನ ಇದಾರೆ ಕಣೋ ಇದ್ರಲ್ಲಿ” ಎಂದೆ. ಹನ್ನೆರಡು ವರ್ಷದ ನಂತರವೂ ಇದಕ್ಕಿಂತ ಸರಿಯಾದ ವಿಮರ್ಶೆಯನ್ನು ನಾನು ಬರೆಯಲಾರೆನೇನೋ.

ಬಿಡಿಸಿ ಹೇಳುವುದಾದರೆ ಹೀಗೆ. ‘ವಿಡಿಯೋ ಗೇಮ್ಸ್’ ರೂಪಿಸಿದ್ದು ರೋಬೋಪಾಪ್ ಎಂಬ ಹೆಸರಿನ ನಿರ್ಮಾಪಕ. ಆಲ್ಬಮ್ಮಿನ ಉಳಿದ ಬಹುಪಾಲು ಹಾಡುಗಳ ಹಿಂದಿದ್ದವನು ರ‍್ಯಾಪ್ ಗಾಯಕರ ಜೊತೆ ಪಳಗಿದ ಎಮಿಲ್ ಹೇನಿ. ಹಾಡು ಬರೆದವರಲ್ಲಿ ಎರಡೂ ಕಡೆ ಇದ್ದವರು ಇದ್ದರು, ‘ವಿಡಿಯೋ ಗೇಮ್ಸ್’ನ ಸಹಲೇಖಕ ಜಸ್ಟಿನ್ ಪಾರ್ಕರ್ ಇನ್ನೂ ಕೆಲವು ಹಾಡುಗಳಲ್ಲಿದ್ದಾನೆ, ಧ್ವನಿಯ ಮನೆ ಕಟ್ಟಿದ ಮೇಸ್ತ್ರಿ ಮಾತ್ರ ಬೇರೆ. ಹೇನಿಯ ಕೆಲಸದಲ್ಲಿ ಕೌಶಲವಿಲ್ಲವೆಂದಲ್ಲ. ಆದರೆ ಅವನ ವಾದ್ಯವೃಂದ ಯಾವಾಗಲೂ ಮಾತಿನ ಪಕ್ಷ ವಹಿಸುತ್ತದೆ. ಸಾಹಿತ್ಯ ದುಃಖವೆಂದರೆ ಪಿಟೀಲುಗಳು ದುಃಖವೆನ್ನುತ್ತವೆ, ಸಾಹಿತ್ಯ ಅಪಾಯವೆಂದರೆ ಡ್ರಮ್ಮು ಅಪಾಯವೆನ್ನುತ್ತದೆ. ಮಾತಿಗೂ ಸ್ವರಕ್ಕೂ ನಡುವೆ ಇದ್ದ ಆ ಬಿರುಕಿಗೆ ಗಾರೆ ತುಂಬಿದಂತಾಯಿತು. ಕೇಳುಗನಿಗೆ ತಾನಾಗಿ ಊಹಿಸುವ ಕೆಲಸವೇ ಉಳಿಯಲಿಲ್ಲ. ಆಕೆಯ ದನಿಯ ಗುಣ ಇರುವುದು ಅದರ ಆಲಸ್ಯದಲ್ಲಿ, ತಾಳಕ್ಕಿಂತ ಒಂದು ಕೂದಲೆಳೆ ಹಿಂದೆ ಬೀಳುವ ಅದರ ಚಾಳಿಯಲ್ಲಿ. ಅಂಥ ದನಿಯ ಕೆಳಗೆ ಗಡಿಯಾರದಷ್ಟು ಕಟ್ಟುನಿಟ್ಟಾದ ಬಡಿತವನ್ನು ಇಟ್ಟಾಗ, ಹಿಂದೆ ಬೀಳುವುದು ಬೆಡಗಾಗಿ ಕಾಣುವ ಬದಲು ಆಯಾಸವಾಗಿ ಕಾಣುತ್ತದೆ. ಅಮ್ಮ ಹೇಳಿದ ನಿದ್ದೆಯ ಮಾತು ನಿಜವಾಗುವುದು ಆಗ.

ಎರಡನೆಯ ದೋಷ ಸಾಹಿತ್ಯದ್ದು. ಕೆಂಪು ಉಡುಪು, ಕೆಟ್ಟ ಹುಡುಗ, ವೇಗದ ಕಾರು, ಹಣವಿರುವ ಮುದುಕ, ಬೇಸಿಗೆ, ಸಾವು: ಒಂದು ಹಾಡಿನಲ್ಲಿ ಇವು ಚಿತ್ರ, ಎಂಟು ಹಾಡಿನಲ್ಲಿ ಅಂಗಡಿಯ ಸಾಮಾನು ಪಟ್ಟಿ. ‘ಆಫ್ ಟು ದ ರೇಸಸ್’ನಲ್ಲಿ ಆಕೆ ಇದೇ ಸಾಮಾನುಗಳನ್ನು ಬೇಕೆಂದೇ ಅತಿಗೆ ಒಯ್ದು, ಮಂದ್ರದ ಗೊಗ್ಗರು ದನಿಯಿಂದ ಎಳೆ ಹುಡುಗಿಯ ಕೀಚಲಿಗೆ ಹಾರಿ ಆಟವಾಡುತ್ತಾಳೆ. ಆ ಹಾಡು ಆಗ ನನಗೆ ತೀರಾ ಕಿರಿಕಿರಿ ಮಾಡಿತ್ತು, ಈಗ ಆಲ್ಬಮ್ಮಿನಲ್ಲಿ ಅತ್ಯಂತ ಧೈರ್ಯದ್ದು ಅನ್ನಿಸುತ್ತದೆ. ‘ಡಾರ್ಕ್ ಪ್ಯಾರಡೈಸ್’, ‘ರೇಡಿಯೋ’, ‘ಕಾರ್ಮೆನ್’ ಬರುವ ನಡುಭಾಗದ ಬಗ್ಗೆ ನನ್ನ ಅಭಿಪ್ರಾಯ ಮಾತ್ರ ಬದಲಾಗಿಲ್ಲ. ಅಲ್ಲಿ ಒಂದು ಹಾಡು ಮುಗಿದು ಇನ್ನೊಂದು ಆರಂಭವಾದದ್ದು ಗೊತ್ತಾಗುವುದಿಲ್ಲ. ‘ಮಿಲಿಯನ್ ಡಾಲರ್ ಮ್ಯಾನ್’ ಬಂದಾಗ ತಾಳ ಸಡಿಲವಾಗಿ ಸ್ವಲ್ಪ ಉಸಿರು ಸಿಗುತ್ತದೆ.

ಇದಿಷ್ಟು ಆಲ್ಬಮ್ಮಿನ ಮೇಲೆ ಇದ್ದ ದೂರು. ಆದರೆ 2012ರ ಜನವರಿಯಲ್ಲಿ ಜನ ಮಾತಾಡುತ್ತಿದ್ದದ್ದು ಇದನ್ನಲ್ಲ.

ಆಲ್ಬಂ ಅಮೆರಿಕದಲ್ಲಿ ಬಿಡುಗಡೆಯಾಗಲು ಎರಡು ವಾರ ಇದ್ದಾಗ, ಜನವರಿ 14ರಂದು, ಆಕೆ ಅಮೆರಿಕದ ಎನ್‌ಬಿಸಿ ವಾಹಿನಿಯ ‘ಸ್ಯಾಟರ್ಡೇ ನೈಟ್ ಲೈವ್’ ಎಂಬ ಹಾಸ್ಯ ಕಾರ್ಯಕ್ರಮದಲ್ಲಿ ಹಾಡಿದಳು. ಬಿಳಿಯ ಉದ್ದ ನಿಲುವಂಗಿ, ಗಟ್ಟಿಯಾಗಿ ಹಿಡಿದುಕೊಂಡ ಮೈಕು, ಹಾಡಿನ ನಡುವೆ ಕಾರಣವಿಲ್ಲದೆ ಒಂದು ಸುತ್ತು ತಿರುಗುವುದು, ಕೆಳಸ್ಥಾಯಿಯಲ್ಲಿ ಮುಳುಗಿಹೋಗುವ ದನಿ. ಹೆದರಿಕೆ ಎದ್ದು ಕಾಣುತ್ತಿತ್ತು. ಅದೇ ವಾಹಿನಿಯ ಹೆಸರಾಂತ ಸುದ್ದಿವಾಚಕ ಬ್ರಯಾನ್ ವಿಲಿಯಮ್ಸ್ ಈ ಗಾಯನವನ್ನು ಹೀನಾಯವೆಂದು ಬರೆದ ಖಾಸಗಿ ಇ-ಮೇಲ್ ಬಹಿರಂಗವಾಯಿತು. ಮೂರು ವಾರದ ನಂತರ ಅದೇ ಕಾರ್ಯಕ್ರಮದಲ್ಲಿ ಹಾಸ್ಯನಟಿ ಕ್ರಿಸ್ಟನ್ ವಿಗ್ ಆಕೆಯ ಅಣಕು ಮಾಡಿದಳು. ಆಕೆ ಹಾಡಿದ ಸಂಚಿಕೆಯ ನಿರೂಪಕನಾಗಿದ್ದ ನಟ ಡೇನಿಯಲ್ ರ‍್ಯಾಡ್‌ಕ್ಲಿಫ್ ಮಾತ್ರ, ಜನ ಗಾಯನದ ಬಗ್ಗೆ ಮಾತಾಡುವುದನ್ನು ಬಿಟ್ಟು ಆಕೆಯ ಪೂರ್ವಕಥೆ ಮತ್ತು ಮನೆಯವರ ಬಗ್ಗೆ ಮಾತಾಡುತ್ತಿದ್ದಾರೆ ಎಂಬರ್ಥದ ಮಾತನ್ನು ಹೇಳಿದ. ಆಗ ಅದು ನನಗೆ ಸೌಜನ್ಯದ ಮಾತಾಗಿ ಕಂಡಿತ್ತು. ಈಗ ನೋಡಿದರೆ ಆ ಇಡೀ ಗದ್ದಲದಲ್ಲಿ ನಿಖರವಾದ ವಿಮರ್ಶೆ ಅದೊಂದೇ. ನಾನು ಆ ದಿನಗಳಲ್ಲಿ ಮಾಡಿದ್ದು ಅಣಕಿನ ವಿಡಿಯೋವನ್ನು ಕಚೇರಿಯ ಹತ್ತು ಜನರಿಗೆ ಕಳುಹಿಸಿದ್ದು.

ಪೂರ್ವಕಥೆ ಏನೆಂದರೆ, ಆಕೆಯ ನಿಜವಾದ ಹೆಸರು ಎಲಿಜಬೆತ್ ಗ್ರಾಂಟ್. ಬೆಳೆದದ್ದು ನ್ಯೂಯಾರ್ಕ್ ರಾಜ್ಯದ ಲೇಕ್ ಪ್ಲಾಸಿಡ್ ಎಂಬ ಊರಿನಲ್ಲಿ. ಫೋರ್ಡಮ್ ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರ ಓದಿದವಳು. ತಂದೆ ಅಂತರ್ಜಾಲದ ಡೊಮೈನ್ ಹೆಸರುಗಳ ವ್ಯವಹಾರದಲ್ಲಿದ್ದವರು. ಲಿಜ್ಜಿ ಗ್ರಾಂಟ್ ಎಂಬ ಹೆಸರಿನಲ್ಲಿ ಮೊದಲೇ ಹಾಡುತ್ತಿದ್ದಳು. 2010ರಲ್ಲಿ ಒಂದು ಸಣ್ಣ ಸಂಸ್ಥೆಯಿಂದ ಪೂರ್ತಿ ಆಲ್ಬಂ ಕೂಡ ಬಂದು, ಕೆಲವೇ ತಿಂಗಳು ಮಾರಾಟದಲ್ಲಿದ್ದು ಹಿಂತೆಗೆದುಕೊಳ್ಳಲ್ಪಟ್ಟಿತ್ತು. ಅದನ್ನು ರೂಪಿಸಿದವನು ಪಾಲ್ ಮೆಕಾರ್ಟ್ನಿಯ ಜೊತೆ ಕೆಲಸ ಮಾಡಿದ್ದ ಡೇವಿಡ್ ಕಾನ್. ಹಾಗಾಗಿ ‘ಬಾರ್ನ್ ಟು ಡೈ’ ಆಕೆಯ ಮೊದಲ ಆಲ್ಬಂ ಅಲ್ಲ, ದೊಡ್ಡ ಕಂಪನಿಯಿಂದ ಬಂದ ಮೊದಲನೆಯದು. ಈ ಸಂಗತಿಗಳು ಒಂದೊಂದಾಗಿ ಹೊರಬಿದ್ದಂತೆ, ಇವಳೊಬ್ಬ ತಯಾರಿಸಿದ ಬೊಂಬೆ, ಕಂಪನಿಯ ಕೋಣೆಯಲ್ಲಿ ಕೂತು ಯಾರೋ ಹೆಸರಿಟ್ಟಿದ್ದಾರೆ, ತುಟಿಗೆ ಚುಚ್ಚಿಸಿಕೊಂಡಿದ್ದಾಳೆ, ಅಪ್ಪನ ದುಡ್ಡು ಇದೆ ಎಂಬ ಮಾತುಗಳು ಹಬ್ಬಿದವು. ಒಬ್ಬ ಗಾಯಕಿ ಒಮ್ಮೆ ಸೋತು, ಹೆಸರು ಬದಲಿಸಿ, ಇನ್ನೊಮ್ಮೆ ಪ್ರಯತ್ನಿಸಿದಳು ಎಂದು ಇದೇ ಸಂಗತಿಗಳನ್ನು ಓದಬಹುದಿತ್ತು. ಹಾಗೆ ಓದಿದವರು ವಿರಳ.

ಕನ್ನಡದವನಾಗಿ ಈ ಗಲಾಟೆ ನನಗೆ ಆಗಲೇ ಸ್ವಲ್ಪ ವಿಚಿತ್ರವಾಗಿ ಕಾಣಬೇಕಿತ್ತು. ಅಂಬಿಕಾತನಯದತ್ತ ಎಂಬ ಹೆಸರಿನಲ್ಲಿ ಬರೆದ ಬೇಂದ್ರೆಯವರನ್ನು ಯಾರೂ ಸುಳ್ಳುಗಾರನೆಂದು ಕರೆಯಲಿಲ್ಲ. 1954ರಲ್ಲಿ ಮುತ್ತುರಾಜ್ ರಾಜ್‌ಕುಮಾರ್ ಆದಾಗ ನಾಡು ಅದನ್ನು ಸಂಭ್ರಮದಿಂದಲೇ ಒಪ್ಪಿಕೊಂಡಿತು. ರಾತ್ರಿಯಿಡೀ ಯಕ್ಷಗಾನ ನೋಡಿ ಬೆಳಿಗ್ಗೆ ರಾವಣನ ವೇಷಧಾರಿ ಚಹಾ ಕುಡಿಯುವುದನ್ನು ಕಂಡರೆ ನಮಗೆ ಮೋಸಹೋದೆವೆಂಬ ಭಾವ ಬರುವುದಿಲ್ಲ. ವೇಷ ಎಂಬುದು ನಮ್ಮಲ್ಲಿ ಒಂದು ವಿದ್ಯೆಯ ಹೆಸರು. ಆದರೂ ನಾನು ಆಗ ಅವರ ಮಾತನ್ನೇ ಆಡಿದೆ. ಕಾರಣ, ವೆಬ್‌ಕ್ಯಾಮಿನ ಆ ಮುಖವನ್ನು ನಾನು ಚೌಕಿಯೆಂದು, ಅಂದರೆ ಬಣ್ಣ ಹಚ್ಚುವ ಮೊದಲಿನ ಮುಖವೆಂದು ತಿಳಿದಿದ್ದೆ. ಅದೂ ರಂಗಸ್ಥಳವೇ ಆಗಿತ್ತು. ಆಕೆ ವೇಷ ಕಟ್ಟಿದ್ದಳೆಂಬುದಕ್ಕಿಂತ ಹೆಚ್ಚಾಗಿ, ವೇಷ ಕಟ್ಟಿಲ್ಲವೆಂದು ನಾನೇ ಭಾವಿಸಿಕೊಂಡಿದ್ದೆನಲ್ಲ ಎಂಬುದು ನನ್ನನ್ನು ಕೆರಳಿಸಿತ್ತು.

ಇಲ್ಲಿ ಒಂದು ಮಾತು ವಿಮರ್ಶಕರ ಪರವಾಗಿಯೂ ಹೇಳಬೇಕು. ಎಲ್ಲರೂ ಗಾಸಿಪ್ ಬರೆಯಲಿಲ್ಲ. ಪಿಚ್‌ಫೋರ್ಕ್ ಎಂಬ ಸಂಗೀತ ವಿಮರ್ಶೆಯ ತಾಣ ಆಲ್ಬಮ್ಮಿಗೆ ಹತ್ತರಲ್ಲಿ 5.5 ಕೊಟ್ಟಾಗ, ಆ ಅಂಕದ ಹಿಂದೆ ಹಾಡುಗಳನ್ನು ಕೇಳಿದ ಕಿವಿ ಇತ್ತು. ಆ ಅಂಕ ನನಗೆ ಆಗ ನ್ಯಾಯವೆನ್ನಿಸಿತ್ತು, ಈಗಲೂ ತೀರಾ ಅನ್ಯಾಯವೆನ್ನಿಸುವುದಿಲ್ಲ. ತೊಂದರೆಯೆಂದರೆ ಹುಸಿತನ ಎಂಬ ಒಂದು ಪದ ಎಲ್ಲ ದೂರುಗಳನ್ನೂ ನುಂಗಿಹಾಕಿತು. ಡ್ರಮ್ಮು ಹೆಚ್ಚಾಯಿತು ಎನ್ನುವವನೂ, ಅಪ್ಪನಿಗೆ ದುಡ್ಡಿದೆ ಎನ್ನುವವನೂ ಒಂದೇ ಸಾಲಿನಲ್ಲಿ ನಿಂತಂತಾಯಿತು. ಮೊದಲನೆಯದು ಸರಿಪಡಿಸಬಹುದಾದ ದೋಷ, ಎರಡನೆಯದು ದೋಷವೇ ಅಲ್ಲ.

ಮಾರುಕಟ್ಟೆಗೆ ಇದಾವುದೂ ತಟ್ಟಲಿಲ್ಲ. ಬ್ರಿಟನ್ನಿನಲ್ಲಿ ಆಲ್ಬಂ ನೇರವಾಗಿ ಮೊದಲ ಸ್ಥಾನಕ್ಕೆ ಬಂತು. ಅಮೆರಿಕದಲ್ಲಿ ಮೊದಲ ವಾರ 77,000 ಪ್ರತಿಗಳು ಮಾರಾಟವಾಗಿ ಎರಡನೆಯ ಸ್ಥಾನ ಸಿಕ್ಕಿತು. ಮೊದಲನೆಯದರಲ್ಲಿ ಗಾಯಕಿ ಅಡೆಲ್‌ಳ ‘21’ ಎಂಬ ಆಲ್ಬಂ ಅಲುಗಾಡದೆ ಕೂತಿತ್ತು. ಅಂತರರಾಷ್ಟ್ರೀಯ ಲೆಕ್ಕದಲ್ಲಿ ಅದು 2012ರ ಐದನೆಯ ಅತಿ ಹೆಚ್ಚು ಮಾರಾಟವಾದ ಆಲ್ಬಂ ಆಯಿತು, ಸುಮಾರು 34 ಲಕ್ಷ ಪ್ರತಿ. ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಅದು ಕಳೆದ ಒಟ್ಟು ಅವಧಿ ಈಗ 500 ವಾರಗಳನ್ನು ದಾಟಿದೆ. ನಾವು ಮಡಚಿ ಬದಿಗಿಟ್ಟ ಆಲ್ಬಂ ಬೇರೆ ಯಾರದ್ದೋ ಮನೆಯಲ್ಲಿ ಹತ್ತು ವರ್ಷ ನಿಲ್ಲದೆ ಹಾಡುತ್ತಿತ್ತು.

ಅದಕ್ಕಿಂತ ಹೆಚ್ಚು ಇರುಸುಮುರುಸು ಮಾಡಿದ ಸಂಗತಿ 2013ರದ್ದು. ಆಲ್ಬಮ್ಮಿನ ಹನ್ನೊಂದನೆಯ ಹಾಡು ‘ಸಮ್ಮರ್‌ಟೈಮ್ ಸ್ಯಾಡ್‌ನೆಸ್’ ಅನ್ನು ಸೆಡ್ರಿಕ್ ಜರ್ವೇ ಎಂಬ ಡಿಜೆ ಕುಣಿತದ ಹಾಡಾಗಿ ಮಾರ್ಪಡಿಸಿದ. ನಾನು ಯಾವುದನ್ನು ದೋಷವೆನ್ನುತ್ತಿದ್ದೆನೋ ಅದನ್ನು ಅವನು ನಾಲ್ಕು ಪಟ್ಟು ಮಾಡಿದ್ದ. ಬಡಿತವನ್ನು ಚುರುಕುಗೊಳಿಸಿ, ದನಿಯನ್ನು ಓಡುವ ಬಸ್ಸಿನ ಹಿಂದೆ ಓಡಿಸಿದಂತೆ ಓಡಿಸಿದ್ದ. ಅದು ಅಮೆರಿಕದ ಹಾಡುಗಳ ಪಟ್ಟಿಯಲ್ಲಿ ಆರನೆಯ ಸ್ಥಾನಕ್ಕೆ ಏರಿತು, ಮುಂದಿನ ವರ್ಷ ಮರುಮಿಶ್ರಣಕ್ಕೆ ಕೊಡುವ ಗ್ರ್ಯಾಮಿ ಪ್ರಶಸ್ತಿಯನ್ನೂ ಪಡೆಯಿತು. ಬೆಂಗಳೂರಿನ ಕೋರಮಂಗಲದ ಒಂದು ಬಟ್ಟೆ ಅಂಗಡಿಯಲ್ಲಿ ಅದನ್ನು ಮೊದಲ ಸಲ ಕೇಳಿದಾಗ, ಪ್ಯಾಂಟಿನ ಅಳತೆ ನೋಡುತ್ತಿದ್ದ ನಾನು ಹಾಗೆಯೇ ನಿಂತುಬಿಟ್ಟೆ. ಸಿಟ್ಟು ಬರಲಿಲ್ಲ. ಮಾತು ದುಃಖದ್ದು, ತಾಳ ಹಬ್ಬದ್ದು. ಮಾತಿಗೂ ಸಂಗೀತಕ್ಕೂ ನಡುವಿನ ಬಿರುಕು ಅಲ್ಲಿ ಮತ್ತೆ ತೆರೆದುಕೊಂಡಿತ್ತು, ನಾನು ನಿರೀಕ್ಷಿಸದ ದಿಕ್ಕಿನಿಂದ.

ಈ ಅನುಭವದ ನಂತರ ನನ್ನ ದೂರನ್ನು ನಾನು ತಿದ್ದಿಕೊಳ್ಳಬೇಕಾಯಿತು. ಡ್ರಮ್ಮೇ ತಪ್ಪು ಎಂದು ಹೇಳುವಂತಿಲ್ಲ. ಡ್ರಮ್ಮು ಮಾತಿಗೆ ಹೌದಪ್ಪನಾಗಿ ನಿಂತದ್ದು ತಪ್ಪು. ಮೂಲ ಆಲ್ಬಮ್ಮಿನಲ್ಲಿ ಅದು ಪೂರ್ತಿ ಕುಣಿಯುವುದೂ ಇಲ್ಲ, ಪೂರ್ತಿ ಸುಮ್ಮನಿರುವುದೂ ಇಲ್ಲ; ಮನೆಗೆ ಬಂದ ನೆಂಟ ಕೂರಲೂ ಒಲ್ಲದೆ ಹೊರಡಲೂ ಒಲ್ಲದೆ ಬಾಗಿಲಲ್ಲಿ ನಿಂತಂತೆ ನಿಂತಿರುತ್ತದೆ.

ಆಕೆಗೂ ಏನೋ ಹೀಗೆಯೇ ಅನ್ನಿಸಿರಬಹುದೆಂಬ ಗುಮಾನಿ ನನಗಿದೆ. 2014ರ ‘ಅಲ್ಟ್ರಾವಯಲೆನ್ಸ್’ ಆಲ್ಬಮ್ಮನ್ನು ಆಕೆ ಬ್ಲ್ಯಾಕ್ ಕೀಸ್ ತಂಡದ ಡ್ಯಾನ್ ಔರ್‌ಬಾಕ್ ಜೊತೆ ನ್ಯಾಶ್‌ವಿಲ್‌ನಲ್ಲಿ, ಒಂದೇ ಕೋಣೆಯಲ್ಲಿ ಕೂತು ನುಡಿಸುವ ವಾದ್ಯಗಾರರೊಂದಿಗೆ ಮಾಡಿದಳು. ಆಲ್ಬಮ್ಮಿಗಿಂತ ಮೊದಲೇ ಬಿಡಿ ಹಾಡಾಗಿ ಬಂದ ‘ವೆಸ್ಟ್ ಕೋಸ್ಟ್’ನಲ್ಲಿ ಪಲ್ಲವಿ ಬಂದಾಗ ಲಯ ಇದ್ದಕ್ಕಿದ್ದಂತೆ ನಿಧಾನವಾಗುತ್ತದೆ. ರೇಡಿಯೋದಲ್ಲಿ ಓಡಬೇಕಾದ ಹಾಡು ಜನ ಹಾಡಿಕೊಳ್ಳಬೇಕಾದ ಜಾಗದಲ್ಲಿಯೇ ಕಾಲೆಳೆಯುವುದೆಂದರೆ ವ್ಯಾಪಾರದ ದೃಷ್ಟಿಯಿಂದ ಹುಚ್ಚುತನ. ಆ ಆಲ್ಬಂ ಅಮೆರಿಕದಲ್ಲಿ ಮೊದಲ ಸ್ಥಾನಕ್ಕೇ ಬಂತು. 2019ರಲ್ಲಿ ನಿರ್ಮಾಪಕ ಜ್ಯಾಕ್ ಆಂಟನಾಫ್ ಜೊತೆ ಮಾಡಿದ ಆಲ್ಬಮ್ಮಿನಲ್ಲಿ ಪಿಯಾನೋ ಮತ್ತು ಮೌನ ಮರಳಿ ಬಂದವು. ಒಂಬತ್ತೂವರೆ ನಿಮಿಷದ ಒಂದು ಹಾಡು ಗಿಟಾರಿನ ಗುಂಗಿನಲ್ಲಿ ಯಾವ ಅವಸರವೂ ಇಲ್ಲದೆ ಕರಗಿಹೋಗುತ್ತದೆ. ಪಿಚ್‌ಫೋರ್ಕ್ ಅದಕ್ಕೆ 9.4 ಕೊಟ್ಟಿತು. ನಾನು 2011ರಲ್ಲಿ ತಲೆಯೊಳಗೆ ಮಾಡಿಟ್ಟುಕೊಂಡಿದ್ದ ಆಲ್ಬಂ ಎಂಟು ವರ್ಷ ತಡವಾಗಿ ಬಂದು ಸೇರಿತು. ಅಷ್ಟರಲ್ಲಿ ಅದನ್ನು ಆ ಹಸಿವಿನಿಂದ ಕೇಳುವವನು ನಾನಾಗಿ ಉಳಿದಿರಲಿಲ್ಲ ಎಂಬುದು ಬೇರೆ ಮಾತು.

2021ರಲ್ಲಿ ಅದೇ ಪಿಚ್‌ಫೋರ್ಕ್ ತನ್ನ ಹಳೆಯ ಕೆಲವು ವಿಮರ್ಶೆಗಳ ಅಂಕಗಳನ್ನು ತಿದ್ದಿ ಒಂದು ಪಟ್ಟಿ ಪ್ರಕಟಿಸಿತು. ‘ಬಾರ್ನ್ ಟು ಡೈ’ 5.5ರಿಂದ 7.8ಕ್ಕೆ ಏರಿತು. ಅನೇಕರು ಇದನ್ನು ನ್ಯಾಯ ಸಿಕ್ಕಿತೆಂದು ಕೊಂಡಾಡಿದರು. ನನಗೆ ಯಾಕೋ ಸರಿಬರಲಿಲ್ಲ. ಅಂಕ ಹೆಚ್ಚಿದ್ದು ಆ ಹನ್ನೆರಡು ಹಾಡುಗಳಿಗೋ, ಆಮೇಲೆ ಆಕೆ ಏನಾದಳೋ ಅದಕ್ಕೋ? ಮಗ ದೊಡ್ಡ ಅಧಿಕಾರಿಯಾದ ಮೇಲೆ ಅವನ ಏಳನೆಯ ತರಗತಿಯ ಗಣಿತದ ಉತ್ತರಪತ್ರಿಕೆ ತರಿಸಿ ಅಂಕ ಹೆಚ್ಚಿಸಿದರೆ ಗಣಿತಕ್ಕೆ ಏನು ಬಂತು? ಒಂದು ದಿನ ಒಂದು ಕಿವಿಗೆ ಹೇಗೆ ಕೇಳಿಸಿತು ಎಂಬುದರ ದಾಖಲೆಯಾಗಿ ಹಳೆಯ ಅಂಕಕ್ಕೆ ಅದರದ್ದೇ ಬೆಲೆ ಇತ್ತು. ತಿದ್ದಬೇಕಿದ್ದದ್ದು ಏನಾದರೂ ಇದ್ದರೆ, ತುಟಿಯ ಬಗ್ಗೆ ಬರೆದ ಸಾಲುಗಳನ್ನು. ಅವುಗಳನ್ನು ಬರೆದವರಾಗಲಿ, ನನ್ನಂತೆ ಹಂಚಿದವರಾಗಲಿ ಯಾವ ಪಟ್ಟಿಯನ್ನೂ ಪ್ರಕಟಿಸಲಿಲ್ಲ.

ಕಳೆದ ಬೇಸಿಗೆಯಲ್ಲಿ ಅಕ್ಕನ ಮಗಳನ್ನು ಮೈಸೂರಿನಿಂದ ಬೆಂಗಳೂರಿಗೆ ಕಾರಿನಲ್ಲಿ ಕರೆತರುತ್ತಿದ್ದೆ. ಅವಳಿಗೆ ಹದಿನಾರು ವರ್ಷ. ಫೋನನ್ನು ಕಾರಿಗೆ ಜೋಡಿಸಿ ಅವಳು ಹಾಕಿದ್ದು, ಯಾರೂ ಕೇಳದಿದ್ದರೂ, ಇದೇ ಆಲ್ಬಮ್ಮನ್ನು. ಸ್ಯಾಟರ್ಡೇ ನೈಟ್ ಲೈವ್, ಅಣಕು, ಹಳೆಯ ಹೆಸರು ಇದಾವುದೂ ಅವಳಿಗೆ ಗೊತ್ತಿರಲಿಲ್ಲ. ಹೇಳಿದಾಗ ಕುತೂಹಲವನ್ನೂ ತೋರಿಸಲಿಲ್ಲ. ಆ ಗಂಡಸಿನ ಕೂಗು ಬಂದಾಗಲೆಲ್ಲ ಸರಿಯಾದ ಜಾಗದಲ್ಲಿ ಬೆರಳಿನಿಂದ ಡ್ಯಾಶ್‌ಬೋರ್ಡಿಗೆ ಬಡಿಯುತ್ತಿದ್ದಳು. ನಾಲ್ಕನೆಯ ಹಾಡಿನ ಗಂಟೆಯ ನಾದ ಕೇಳಿಸಿದೊಡನೆ ನಾನು ಧ್ವನಿಯನ್ನು ಸ್ವಲ್ಪ ಏರಿಸಿದೆ.

“ಇದರಲ್ಲಿ ಏನೂ ಆಗೋದೇ ಇಲ್ವಲ್ಲ ಮಾಮ” ಎಂದಳು.

“ಸ್ವಲ್ಪ ಕೇಳು, ಕೇಳಿದ ಮೇಲೆ ಹೇಳು” ಎಂದೆ.

ಶ್ರೀರಂಗಪಟ್ಟಣ ದಾಟುವವರೆಗೆ ಅವಳು ಸೌಜನ್ಯಕ್ಕೆ ಕೇಳಿದಳು. ಆಮೇಲೆ ಬೆರಳು ಫೋನಿನ ಮೇಲೆ ಸರಿಯಿತು, ಐದನೆಯ ಹಾಡು ಶುರುವಾಯಿತು. ‘ಡಾರ್ಕ್ ಪ್ಯಾರಡೈಸ್’ ಬಂದಾಗ ಅದನ್ನು ದಾಟಿಸುವ ಸರದಿ ನನ್ನದಾಗಿತ್ತು, ಅವಳು ಕೈ ಅಡ್ಡ ಹಿಡಿದಳು. ಮದ್ದೂರಿನ ಹತ್ತಿರ ಬರುವಷ್ಟರಲ್ಲಿ ಆಲ್ಬಂ ಮುಗಿದಿತ್ತು; ಅವಳು ಮತ್ತೆ ಮೊದಲಿನಿಂದ ಹಾಕಿದಳು.